ಮನೆಯಲ್ಲಿ ಕೂತು ಹಾಡು ಮಾಡಲು ಯಾವ ಸಾಫ್ಟ್‌ವೇರ್? ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸ ಮುಗಿಸಿ ಬಂದು ರಾತ್ರಿ ಒಂದಿಷ್ಟು ಹೊತ್ತು ಹಾಡಿಕೊಳ್ಳುವವರು, ಮಗಳ ದೇವರನಾಮ ರೆಕಾರ್ಡ್ ಮಾಡಿ ಊರಿಗೆ ಕಳಿಸಬೇಕು ಅನ್ನುವವರು, ಬೀಟ್ ಕಟ್ಟಿ ಕನ್ನಡದಲ್ಲಿ ರ‍್ಯಾಪ್ ಮಾಡಬೇಕು ಅನ್ನುವ ಕಾಲೇಜು ಹುಡುಗ ಹುಡುಗಿಯರು. ಈ ಪುಟ ನಿಮಗಾಗಿ. ಸ್ಟುಡಿಯೋ ಇಟ್ಟುಕೊಂಡು ಅದರಿಂದಲೇ ಬದುಕುವವರ ಅಗತ್ಯಗಳು ಬೇರೆ, ಅದನ್ನು ಇಲ್ಲಿ ಮುಟ್ಟಿಲ್ಲ. ಬೆಲೆ ಹೇಳಿದ ಕಡೆ, ಕೊಳ್ಳುವ ಮುಂಚೆ ಆಯಾ ಕಂಪನಿಯ ಜಾಲತಾಣದಲ್ಲಿ ಒಮ್ಮೆ ನೋಡಿಕೊಳ್ಳಿ. ರಿಯಾಯಿತಿ, ತೆರಿಗೆ ಎರಡೂ ಬದಲಾಗುತ್ತಿರುತ್ತವೆ.

ಸುತ್ತುಬಳಸದೆ ಹೇಳಿ. ನಾನು ಯಾವುದನ್ನು ಹಾಕಿಕೊಳ್ಳಲಿ?

ನಿಮ್ಮ ಹಾಡು ಎಲ್ಲಿಂದ ಶುರುವಾಗುತ್ತದೆ ಅಂತ ಮೊದಲು ನೋಡಿ. ಗಂಟಲಿನಿಂದ ಅಥವಾ ಕೈಯಲ್ಲಿರುವ ವಾದ್ಯದಿಂದ ಶುರುವಾಗುವುದಾದರೆ, ರೆಕಾರ್ಡಿಂಗ್ ಚೆನ್ನಾಗಿ ಮಾಡುವ ಸಾಫ್ಟ್‌ವೇರ್ ಬೇಕು. ವಿಂಡೋಸ್‌ನಲ್ಲಿ ರೀಪರ್, ಮ್ಯಾಕ್‌ನಲ್ಲಿ ಗ್ಯಾರೇಜ್‌ಬ್ಯಾಂಡ್. ಮೊದಲು ಬೀಟ್ ಹುಟ್ಟಿ ಆಮೇಲೆ ಅದರ ಮೇಲೆ ಮಾತು ಕೂರುವುದಾದರೆ, ಎಫ್‌ಎಲ್ ಸ್ಟುಡಿಯೋ ಅಥವಾ ಏಬಲ್ಟನ್ ಲೈವ್. ಫೋನ್ ಬಿಟ್ಟು ಬೇರೇನೂ ಇಲ್ಲ ಅಂದರೆ ಬ್ಯಾಂಡ್‌ಲ್ಯಾಬ್.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. "ಇದರಲ್ಲಿ ಸೌಂಡ್ ಚೆನ್ನಾಗಿ ಬರುತ್ತದೆ, ಅದರಲ್ಲಿ ಬರಲ್ಲ" ಅನ್ನುವ ಮಾತು ತುಂಬಾ ಕೇಳಿಬರುತ್ತದೆ. ಅದು ನಿಜ ಅಲ್ಲ. ಅದೇ ಮೈಕ್, ಅದೇ ಕೋಣೆ, ಅದೇ ಗಂಟಲು ಇದ್ದರೆ ಯಾವ ಸಾಫ್ಟ್‌ವೇರ್‌ನಲ್ಲಿ ಹಿಡಿದರೂ ರೆಕಾರ್ಡಿಂಗ್ ಒಂದೇ. ವ್ಯತ್ಯಾಸ ಇರುವುದು ಕೆಲಸ ಮಾಡುವ ರೀತಿಯಲ್ಲಿ, ಜೊತೆಗೆ ಬರುವ ವಾದ್ಯಗಳಲ್ಲಿ ಮತ್ತು ಬೆಲೆಯಲ್ಲಿ.

ಆಡಾಸಿಟಿ ಇದೆಯಲ್ಲ, ಅದು ಸಾಲದಾ?

ಒಂದೇ ದನಿ ಹಿಡಿದು, ಹಿಂದುಮುಂದು ಕತ್ತರಿಸಿ, ಎಂಪಿ3 ಮಾಡಿ ಕಳಿಸಲು ಧಾರಾಳವಾಗಿ ಸಾಕು. 2000ದಲ್ಲಿ ಬಿಡುಗಡೆಯಾದ ಆಡಾಸಿಟಿ ಇವತ್ತಿಗೂ ಉಚಿತ, ಮುಕ್ತ ಆಕರದ ತಂತ್ರಾಂಶ. ಗಮಕ ವಾಚನ, ಕಥೆ ಓದುವುದು, ಪಾಡ್‌ಕಾಸ್ಟ್, ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವುದು, ಇಂಥ ಕೆಲಸಕ್ಕೆ ನಾನು ಬೇರೆ ಯಾವುದನ್ನೂ ಹೇಳುವುದಿಲ್ಲ.

ಕೀಬೋರ್ಡ್ ಜೋಡಿಸಿ ವಾದ್ಯ ನುಡಿಸಬೇಕು, ಡ್ರಮ್ಸ್ ಬರೆಯಬೇಕು ಅನ್ನುವಾಗ ಅದು ಸಾಲುವುದಿಲ್ಲ. ಅದಕ್ಕೆ ಮಿಡಿ ಬೇಕು. 1983ರಿಂದ ಎಲ್ಲ ಕೀಬೋರ್ಡ್‌ಗಳೂ ಕಂಪ್ಯೂಟರ್‌ಗಳೂ ಒಪ್ಪಿಕೊಂಡಿರುವ ಏರ್ಪಾಡು ಇದು. ಮಿಡಿಯಲ್ಲಿ ಶಬ್ದ ಇರುವುದಿಲ್ಲ. ಕೀಬೋರ್ಡಿನ ಯಾವ ಮನೆ (ಕೀ) ಒತ್ತಿದಿರಿ, ಎಷ್ಟು ಜೋರಾಗಿ ಒತ್ತಿದಿರಿ, ಯಾವಾಗ ಬಿಟ್ಟಿರಿ ಅನ್ನುವ ಲೆಕ್ಕ ಮಾತ್ರ ಇರುತ್ತದೆ. ಜೋರು 0ಯಿಂದ 127ರವರೆಗೆ. ಹಾಗಾಗಿ ನುಡಿಸಿದ ಮೇಲೂ ತಪ್ಪು ಸ್ವರ ಸರಿಮಾಡಬಹುದು, ವೀಣೆಯ ಬದಲು ಕೊಳಲು ಹಾಕಬಹುದು. ಇನ್ನು ಮುಂದೆ ಹೇಳುವ ಎಲ್ಲ ಸಾಫ್ಟ್‌ವೇರ್‌ಗಳೂ ದನಿ ಮತ್ತು ಮಿಡಿ ಎರಡನ್ನೂ ನಿಭಾಯಿಸುತ್ತವೆ. ಒಂದು ಅಪವಾದ ಇದೆ, ಅದನ್ನು ಆ ಜಾಗದಲ್ಲೇ ಹೇಳಿದ್ದೇನೆ.

ನನ್ನ ಹತ್ತಿರ ಆಂಡ್ರಾಯ್ಡ್ ಫೋನ್ ಮಾತ್ರ ಇದೆ.

ಬ್ಯಾಂಡ್‌ಲ್ಯಾಬ್ ಹಾಕಿಕೊಳ್ಳಿ. ಸಿಂಗಪುರದ ಕಂಪನಿಯದು. ಫೋನ್‌ನಲ್ಲೂ ಕಂಪ್ಯೂಟರ್ ಬ್ರೌಸರ್‌ನಲ್ಲೂ ನಡೆಯುತ್ತದೆ, ಮೂಲ ಸೌಲಭ್ಯಗಳಿಗೆ ದುಡ್ಡಿಲ್ಲ. ಶುರು ಮಾಡಿದ ಹಾಡನ್ನು ಶಿರಸಿಯಲ್ಲಿರುವ ಗೆಳೆಯನಿಗೆ ಕೊಟ್ಟು, ಅವನು ತನ್ನ ಭಾಗ ಸೇರಿಸಿ ವಾಪಸ್ ಕೊಡುವ ಅನುಕೂಲ ಇದೆ. ಈ ಒಂದು ವಿಷಯದಲ್ಲಿ ದೊಡ್ಡ ದೊಡ್ಡ ಸಾಫ್ಟ್‌ವೇರ್‌ಗಳಿಗಿಂತ ಇದೇ ಸಲೀಸು.

ಫೋನ್‌ನಲ್ಲಿ ಹಾಡುವಾಗ ಬ್ಲೂಟೂತ್ ಇಯರ್‌ಫೋನ್ ಬೇಡವೇ ಬೇಡ. ತಂತಿಯದನ್ನೇ ಬಳಸಿ. ಕಾರಣ ಕೆಳಗೆ "ತಡವಾಗಿ ಕೇಳುತ್ತದೆ" ಅನ್ನುವ ಪ್ರಶ್ನೆಯಲ್ಲಿದೆ.

ಮ್ಯಾಕ್ ಅಥವಾ ಐಪ್ಯಾಡ್ ಇದೆ. ಗ್ಯಾರೇಜ್‌ಬ್ಯಾಂಡ್ ಸಾಕಾ?

ಸಾಕು, ಅದೂ ತುಂಬಾ ಕಾಲದವರೆಗೆ. 2004ರಲ್ಲಿ ಆ್ಯಪಲ್ ಇದನ್ನು ತಂದಿತು, 2011ರಲ್ಲಿ ಐಪ್ಯಾಡ್‌ಗೂ ಬಂತು. ಹೊಸಬರಿಗೆ ಇಷ್ಟು ಕಡಿಮೆ ತಲೆನೋವು ಕೊಡುವ ಸಾಫ್ಟ್‌ವೇರ್ ಬೇರೆ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ವಾದ್ಯಗಳು, ಲೂಪ್‌ಗಳು (ಮತ್ತೆ ಮತ್ತೆ ಸುತ್ತುವ ತುಣುಕುಗಳು), ಡ್ರಮ್ಸ್ ಬಾರಿಸಿಕೊಡುವ ಡ್ರಮ್ಮರ್, ಎಲ್ಲ ಉಚಿತವಾಗಿಯೇ ಬರುತ್ತವೆ.

ಮುಂದೆ ಬೆಳೆದಾಗ ಅದೇ ಫೈಲನ್ನು ಲಾಜಿಕ್ ಪ್ರೋದಲ್ಲಿ ತೆರೆಯಬಹುದು. ಆ್ಯಪಲ್ 2002ರಲ್ಲಿ ಲಾಜಿಕ್ ಮಾಡುತ್ತಿದ್ದ ಜರ್ಮನಿಯ ಎಮ್ಯಾಜಿಕ್ ಕಂಪನಿಯನ್ನು ಕೊಂಡಿತು. ಆಮೇಲೆ ಲಾಜಿಕ್ ವಿಂಡೋಸ್‌ನಲ್ಲಿ ಬರಲಿಲ್ಲ. ಹಾಗಾಗಿ ಮುಂದೆ ವಿಂಡೋಸ್ ಲ್ಯಾಪ್‌ಟಾಪ್‌ಗೆ ಹೋಗುವ ಯೋಚನೆ ಇದ್ದರೆ ಗ್ಯಾರೇಜ್‌ಬ್ಯಾಂಡ್ ಫೈಲುಗಳು ಅಲ್ಲಿ ತೆರೆಯುವುದಿಲ್ಲ ಅನ್ನೋದು ನೆನಪಿರಲಿ.

ನಮ್ಮ ತಾಳಗಳಿಗೆ ಬಂದರೆ ಒಂದು ತೊಡಕಿದೆ. ಐಫೋನ್, ಐಪ್ಯಾಡ್‌ನ ಗ್ಯಾರೇಜ್‌ಬ್ಯಾಂಡ್‌ನಲ್ಲಿ ನಾಲ್ಕು, ಮೂರು, ಆರು ಎಣಿಕೆಯ ಲಯಗಳಷ್ಟೇ ಸಿಗುತ್ತವೆ. ಆದಿತಾಳ, ರೂಪಕ ನಡೆಯುತ್ತದೆ. ಮಿಶ್ರಚಾಪು, ಖಂಡಚಾಪು ಕೂರುವುದಿಲ್ಲ.

ಎಲ್ಲರೂ ಎಫ್‌ಎಲ್ ಸ್ಟುಡಿಯೋ ಅಂತಾರೆ. ಯಾಕೆ?

ಬೀಟ್ ಕಟ್ಟಲು ಅದು ಅಷ್ಟು ಸುಲಭ, ಅದಕ್ಕೆ. ಬೆಲ್ಜಿಯಂನ ಇಮೇಜ್‌ಲೈನ್ ಕಂಪನಿ ತೊಂಬತ್ತರ ದಶಕದ ಕೊನೆಯಲ್ಲಿ ಫ್ರೂಟಿಲೂಪ್ಸ್ ಅನ್ನುವ ಹೆಸರಲ್ಲಿ ಇದನ್ನು ತಂದಿತು. ಒಂದು ಸಾಲಿನಲ್ಲಿ ಹದಿನಾರು ಪುಟ್ಟ ಗುಂಡಿಗಳು. ಕಿಕ್ ಬೇಕಾದಲ್ಲಿ ಒತ್ತಿ, ಸ್ನೇರ್ ಬೇಕಾದಲ್ಲಿ ಒತ್ತಿ, ಪ್ಲೇ ಮಾಡಿ. ಅರ್ಧ ಗಂಟೆಯೊಳಗೆ ಏನೋ ಒಂದು ಕುಣಿಯುವಂಥದ್ದು ಕೈಗೆ ಬಂದಿರುತ್ತದೆ. ಆ ಖುಷಿಗೆ ಬೆಲೆ ಇದೆ. ಹೊಸಬರು ಬಿಟ್ಟುಹೋಗದೆ ಉಳಿಯುವುದು ಅಂಥ ಖುಷಿಯಿಂದಲೇ. ಸ್ವರ ಬರೆಯುವ ಅದರ ಪಿಯಾನೋ ರೋಲ್ ಕೂಡ ಬಹಳ ಚೆನ್ನಾಗಿದೆ.

ಒಮ್ಮೆ ಕೊಂಡರೆ ಮುಂದಿನ ಎಲ್ಲ ಆವೃತ್ತಿಗಳೂ ಉಚಿತ ಅನ್ನುವ ಮಾತನ್ನು ಕಂಪನಿ ಇಷ್ಟು ವರ್ಷ ಉಳಿಸಿಕೊಂಡು ಬಂದಿದೆ. ಈ ವಿಷಯದಲ್ಲಿ ಅವರನ್ನು ಮೆಚ್ಚಲೇಬೇಕು.

ಕೊಳ್ಳುವ ಮುಂಚೆ ಎರಡು ವಿಷಯ ತಿಳಿದಿರಲಿ. ಮೊದಲನೆಯದು, ಉಚಿತ ಟ್ರಯಲ್‌ನಲ್ಲಿ ಹಾಡು ಕಟ್ಟಿ ಎಂಪಿ3 ತೆಗೆಯಬಹುದು, ಪ್ರಾಜೆಕ್ಟ್ ಸೇವ್ ಕೂಡ ಆಗುತ್ತದೆ. ಆದರೆ ಸೇವ್ ಮಾಡಿದ್ದನ್ನು ದುಡ್ಡು ಕೊಡುವವರೆಗೆ ಮತ್ತೆ ಸರಿಯಾಗಿ ತೆರೆಯಲು ಆಗುವುದಿಲ್ಲ. ಎರಡನೆಯದು, ಇದರಲ್ಲಿ ನಾಲ್ಕೈದು ದರ್ಜೆಗಳಿವೆ. ತೀರಾ ಅಗ್ಗದ ದರ್ಜೆಯಲ್ಲಿ ದನಿ ರೆಕಾರ್ಡ್ ಮಾಡುವ ಸೌಲಭ್ಯ ಮೊದಲಿಂದಲೂ ಕಡಿಮೆ. ನೀವು ಹಾಡುವವರಾದರೆ ಅವರ ಹೋಲಿಕೆ ಪಟ್ಟಿಯಲ್ಲಿ ಆಡಿಯೋ ರೆಕಾರ್ಡಿಂಗ್ ಅನ್ನುವ ಸಾಲನ್ನು ನೋಡಿಯೇ ದುಡ್ಡು ಕೊಡಿ.

ಏಬಲ್ಟನ್ ಲೈವ್ ಯಾರಿಗೆ?

ತುಣುಕು ತುಣುಕಾಗಿ ಯೋಚಿಸುವವರಿಗೆ. ಬರ್ಲಿನ್‌ನ ಈ ಸಾಫ್ಟ್‌ವೇರ್ 2001ರಲ್ಲಿ ಬಂತು. ಇದರಲ್ಲಿ ಎಡದಿಂದ ಬಲಕ್ಕೆ ಓಡುವ ಪಟ್ಟಿ ಒಂದೇ ಅಲ್ಲ, ಚೌಕಗಳ ಇನ್ನೊಂದು ಹಾಳೆಯೂ ಇದೆ. ಪ್ರತಿ ಚೌಕದಲ್ಲಿ ಒಂದು ಲೂಪ್. ಯಾವುದನ್ನು ಯಾವಾಗ ಒತ್ತಿದರೂ ತಾಳಕ್ಕೆ ಸರಿಯಾಗಿ ಶುರುವಾಗುತ್ತದೆ. ವೇದಿಕೆ ಮೇಲೆ ನಿಂತು ನುಡಿಸುವವರಿಗೆ ಇದಕ್ಕೆ ಸಾಟಿ ಇಲ್ಲ. ಸುಮ್ನೆ ಒಂದು ಭಾವಗೀತೆ ರೆಕಾರ್ಡ್ ಮಾಡಬೇಕು ಅನ್ನುವವರಿಗೆ ಈ ಪೂರ್ತಿ ಏರ್ಪಾಡು ಹೆಚ್ಚಾಯಿತು, ಬೆಲೆಯೂ ಜಾಸ್ತಿ.

ಫೋಕಸ್‌ರೈಟ್ ಸ್ಕಾರ್ಲೆಟ್‌ನಂಥ ಅನೇಕ ಆಡಿಯೋ ಇಂಟರ್‌ಫೇಸ್‌ಗಳ (ಮೈಕ್, ವಾದ್ಯಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಜೊತೆ, ಕೆಲವು ಮಿಡಿ ಕೀಬೋರ್ಡ್‌ಗಳ ಜೊತೆ ಲೈವ್ ಲೈಟ್ ಅನ್ನುವ ಚಿಕ್ಕ ದರ್ಜೆ ಉಚಿತವಾಗಿ ಬರುತ್ತದೆ. ಪೆಟ್ಟಿಗೆಯೊಳಗಿನ ಚೀಟಿಯನ್ನು ಎಸೆಯಬೇಡಿ.

ರೀಪರ್ ನೋಡಲು ಹಳೇ ಕಾಲದ್ದು ಅನ್ನಿಸುತ್ತದೆ. ಆದರೂ ಯಾಕೆ ಅದನ್ನೇ ಹೇಳುತ್ತೀರಿ?

ಹಾಡುವವರಿಗೆ ಬೇಕಾದ್ದೆಲ್ಲ ಇದೆ, ಬೆಲೆ ಕೈಗೆಟಕುತ್ತದೆ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ವಿನ್ಆ್ಯಂಪ್ ನೆನಪಿದೆ ಅಲ್ವಾ? ಅದನ್ನು ಬರೆದ ಜಸ್ಟಿನ್ ಫ್ರಾಂಕೆಲ್ ಅವರೇ ಇದನ್ನೂ ಶುರುಮಾಡಿದವರು. ದೊಡ್ಡ ಸಾಫ್ಟ್‌ವೇರ್‌ಗಳು ತಮ್ಮ ವಾದ್ಯಗಳ ಸಮೇತ ಹತ್ತಾರು ಜಿಬಿ ಕೇಳುವಾಗ ರೀಪರ್ ಕೆಲವೇ ಎಂಬಿಯಲ್ಲಿ ಇಳಿಯುತ್ತದೆ. 60 ದಿನ ಯಾವ ಕಡಿತವೂ ಇಲ್ಲದೆ ಬಳಸಿ ನೋಡಬಹುದು. ಆಮೇಲೆ ಹವ್ಯಾಸಿಗಳಿಗೆ ಪರವಾನಗಿ 60 ಡಾಲರ್, ಅಂದರೆ 5 ಸಾವಿರ ರೂಪಾಯಿಗಿಂತ ಸ್ವಲ್ಪ ಮೇಲೆ. ಸಂಗೀತದಿಂದಲೇ ದೊಡ್ಡ ಸಂಪಾದನೆ ಇರುವವರಿಗೆ 225 ಡಾಲರ್. ಎರಡರಲ್ಲೂ ಸಾಫ್ಟ್‌ವೇರ್ ಒಂದೇ, ಚಿಕ್ಕ ಬೆಲೆಯದು ಅಂತ ಏನನ್ನೂ ಮುಚ್ಚಿಟ್ಟಿಲ್ಲ.

ಒಂದು ದೇವರನಾಮವನ್ನು ಇದರಲ್ಲಿ ಹೇಗೆ ಹಿಡಿಯುತ್ತೇವೆ ನೋಡಿ. ಮೊದಲು ತಂಬೂರಿಯ ಧ್ವನಿಫೈಲನ್ನು ಎಳೆದು ತಂದು ಖಾಲಿ ಜಾಗದಲ್ಲಿ ಬಿಡಿ. ಅದೇ ಒಂದು ಟ್ರ್ಯಾಕ್ ಆಗುತ್ತದೆ. ಅದರ ಬಲತುದಿ ಹಿಡಿದು ಎಳೆದಷ್ಟು ದೂರ ಶ್ರುತಿ ಮತ್ತೆ ಮತ್ತೆ ಬರುತ್ತದೆ. ಕಂಟ್ರೋಲ್ ಜೊತೆ ಟಿ ಒತ್ತಿ, ದನಿಗೆ ಹೊಸ ಟ್ರ್ಯಾಕ್ ಬಂತು. ಅದರ ಮೇಲಿನ ಕೆಂಪು ಗುಂಡಿ ಒತ್ತಿ, ಯಾವ ಮೈಕ್ ಅಂತ ಆಯ್ದುಕೊಳ್ಳಿ. ಈಗ ಹಾಡಿನ ಅತಿ ಜೋರಿನ ಸಾಲನ್ನು, ಸಾಮಾನ್ಯವಾಗಿ ತಾರಸ್ಥಾಯಿಗೆ ಏರುವ ಅನುಪಲ್ಲವಿಯನ್ನೋ ಚರಣದ ಕೊನೆಯನ್ನೋ, ಪೂರ್ತಿ ದನಿ ತೆಗೆದು ಹಾಡಿ. ಮೀಟರ್ ಮೈನಸ್ 10 ಡೆಸಿಬೆಲ್ ಸುತ್ತಮುತ್ತ ನಿಲ್ಲುವ ಹಾಗೆ ಇಂಟರ್‌ಫೇಸ್‌ನ ಗುಂಡಿ ತಿರುಗಿಸಿ. ಸೊನ್ನೆ ಮುಟ್ಟಿ ಕೆಂಪಾದರೆ ಆ ಸ್ವರ ಒಡೆದುಹೋಗುತ್ತದೆ, ಆಮೇಲೆ ಅದನ್ನು ಪೂರ್ತಿ ಸರಿಮಾಡಲು ಬರುವುದಿಲ್ಲ. ಕಂಟ್ರೋಲ್ ಜೊತೆ ಆರ್ ಒತ್ತಿ ಹಾಡಿ.

ಅದೇ ಜಾಗದಲ್ಲಿ ಮತ್ತೆ ಹಾಡಿದರೆ ಹಳೆಯದು ಅಳಿಯುವುದಿಲ್ಲ, ಇನ್ನೊಂದು ಟೇಕ್ ಆಗಿ ಜೊತೆಗೇ ಉಳಿಯುತ್ತದೆ. ಮೂರು ಸಲ ಹಾಡಿ. ಉಸಿರು ತೆಗೆದುಕೊಂಡ ಕಡೆ ಕರ್ಸರ್ ಇಟ್ಟು ಎಸ್ ಒತ್ತಿದರೆ ತುಂಡಾಗುತ್ತದೆ. ಪಲ್ಲವಿ ಮೊದಲನೆಯದರಿಂದ, ಚರಣ ಮೂರನೆಯದರಿಂದ ಆರಿಸಿಕೊಳ್ಳಿ. ಆಮೇಲೆ ಜೊತೆಗೇ ಬರುವ ರೀಇಕ್ಯೂ ಹಾಕಿ 80 ಹರ್ಟ್ಸ್‌ಗಿಂತ ಕೆಳಗಿನ ಗುಂಯ್‌ಗುಟ್ಟುವಿಕೆ ಕತ್ತರಿಸಿ, ಜೋರು ಮತ್ತು ಮೆತ್ತಗಿನ ಅಂತರ ತಗ್ಗಿಸುವ ರೀಕಾಂಪ್‌ನಲ್ಲಿ 2ಕ್ಕೆ 1ರಷ್ಟು ಹಗುರ ಒತ್ತಡ ಕೊಡಿ, ಚೂರು ರಿವರ್ಬ್ (ಮಾರ್ದನಿ) ಸೇರಿಸಿ. ಕಂಟ್ರೋಲ್, ಆಲ್ಟ್, ಆರ್ ಮೂರೂ ಒತ್ತಿದರೆ ಹಾಡು ಫೈಲಾಗಿ ಹೊರಬರುತ್ತದೆ. ಹವ್ಯಾಸಿಗೆ ಬೇಕಾದ ಮುಕ್ಕಾಲು ಕೆಲಸ ಇಷ್ಟೇ.

ರೀಪರ್‌ನ ದೊಡ್ಡ ಕೊರತೆ, ಜೊತೆಗೆ ಒಳ್ಳೆಯ ವಾದ್ಯಗಳು ಬರುವುದಿಲ್ಲ. ಪಿಯಾನೋ, ಸ್ಟ್ರಿಂಗ್ಸ್, ಡ್ರಮ್ಸ್ ಎಲ್ಲ ನೀವೇ ಹುಡುಕಿ ಸೇರಿಸಬೇಕು. ಬೀಟ್ ಮಾಡುವವರಿಗೆ ನಾನು ಇದನ್ನು ಮೊದಲ ಆಯ್ಕೆಯಾಗಿ ಹೇಳದಿರಲು ಅದೇ ಕಾರಣ.

ಉಳಿದವು? ಕ್ಯೂಬೇಸ್, ಕೇಕ್‌ವಾಕ್, ವೇವ್‌ಫಾರ್ಮ್, ಪ್ರೋ ಟೂಲ್ಸ್?

ಚುಟುಕಾಗಿ ಹೇಳುತ್ತೇನೆ. ಕೇಕ್‌ವಾಕ್ ವಿಂಡೋಸ್‌ಗೆ ಮಾತ್ರ. ಗಿಬ್ಸನ್ ಕಂಪನಿ 2017ರಲ್ಲಿ ಕೈಬಿಟ್ಟಾಗ 2018ರಲ್ಲಿ ಬ್ಯಾಂಡ್‌ಲ್ಯಾಬ್ ಕೊಂಡು ಉಚಿತ ಮಾಡಿತು. ಈಗ ಸೋನಾರ್ ಅನ್ನುವ ಹೆಸರಲ್ಲಿ ಮುಂದುವರಿದಿದೆ, ಅದಕ್ಕೂ ಉಚಿತ ದರ್ಜೆ ಇದೆ. ರೀಪರ್‌ನ ಮುಖ ಹಿಡಿಸದಿದ್ದರೆ ಇದನ್ನು ನೋಡಿ. ವೇವ್‌ಫಾರ್ಮ್ ಫ್ರೀಯಲ್ಲಿ ಟ್ರ್ಯಾಕ್‌ಗಳಿಗೆ ಮಿತಿ ಇಲ್ಲ, ಆದರೆ ಅದರ ಜೋಡಣೆ ಉಳಿದವುಗಳಿಗಿಂತ ಬೇರೆ ಥರ. ಪ್ರೋ ಟೂಲ್ಸ್ ಇಂಟ್ರೋ ಉಚಿತ, 8 ಆಡಿಯೋ ಟ್ರ್ಯಾಕ್. ದೊಡ್ಡ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರುವ ಆಸೆ ಇದ್ದರೆ ಕಲಿಯಿರಿ, ಇಲ್ಲದಿದ್ದರೆ ಬೇಡ. ಹ್ಯಾಂಬರ್ಗ್‌ನ ಸ್ಟೈನ್‌ಬರ್ಗ್ ಕಂಪನಿಯ ಕ್ಯೂಬೇಸ್ 1989ರಷ್ಟು ಹಳೆಯದು. ಹೊರಗಿನ ವಾದ್ಯ, ಎಫೆಕ್ಟ್‌ಗಳನ್ನು (ಪ್ಲಗಿನ್) ಸಾಫ್ಟ್‌ವೇರ್‌ಗೆ ಸೇರಿಸಲು ಇವತ್ತು ನಾವೆಲ್ಲ ಬಳಸುವ ವಿಎಸ್‌ಟಿ ಪದ್ಧತಿ 1996ರಲ್ಲಿ ಅಲ್ಲಿಂದಲೇ ಬಂದಿದ್ದು. ಕೀಬೋರ್ಡ್ ನುಡಿಸಿ ವಾದ್ಯಗೋಷ್ಠಿ ಬರೆಯುವವರಿಗೆ ಚೆನ್ನಾಗಿ ಹೊಂದುತ್ತದೆ.

ಲಿನಕ್ಸ್ ಬಳಸುತ್ತೇನೆ.

ರೀಪರ್‌ಗೆ ಲಿನಕ್ಸ್ ಆವೃತ್ತಿ ಇದೆ. ಪೂರ್ತಿ ಮುಕ್ತ ಆಕರದ್ದೇ ಬೇಕು ಅಂದರೆ ಆರ್ಡರ್ (Ardour) ಅನ್ನುವ ಸಾಫ್ಟ್‌ವೇರ್ ಇದೆ. ಬೀಟ್ ಕಟ್ಟಲು ಎಲ್‌ಎಂಎಂಎಸ್ ಇದೆ, ಎಫ್‌ಎಲ್ ಸ್ಟುಡಿಯೋದ ಹಾಗೇ ಕಾಣುತ್ತದೆ. ಮೇಲೆ ಹೇಳಿದ ಅಪವಾದ ಇದೇ: ಎಲ್‌ಎಂಎಂಎಸ್‌ನ 1.2 ಆವೃತ್ತಿಯಲ್ಲಿ ಮೈಕ್‌ನಿಂದ ದನಿ ರೆಕಾರ್ಡ್ ಮಾಡಲು ಬರುವುದಿಲ್ಲ. ಆಡಾಸಿಟಿಯಲ್ಲಿ ಹಿಡಿದು ತಂದು ಹಾಕಬೇಕು.

ಗೆಳೆಯರು ಕ್ರ್ಯಾಕ್ ಮಾಡಿದ್ದು ಕೊಡುತ್ತೇನೆ ಅಂತಿದ್ದಾರೆ…

ಬೇಡ. ಇಷ್ಟೊಂದು ಉಚಿತ ದಾರಿ ಇರುವಾಗ ಅದರ ಅಗತ್ಯವೇ ಇಲ್ಲ. ಕ್ರ್ಯಾಕ್‌ಗಳ ಜೊತೆ ವೈರಸ್ ಬರುವುದು ಸಾಮಾನ್ಯ, ಅದೇ ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ಬ್ಯಾಂಕ್ ಕೆಲಸವೂ ನಡೆಯುತ್ತಿರುತ್ತದೆ. ನಾಳೆ ನಿಮ್ಮ ಹಾಡನ್ನು ಯಾರಾದರೂ ಕದ್ದರೆ ಹೇಗನ್ನಿಸುತ್ತದೋ, ಸಾಫ್ಟ್‌ವೇರ್ ಬರೆದವರಿಗೂ ಹಾಗೇ.

ಶಾಸ್ತ್ರೀಯ ಸಂಗೀತಕ್ಕೆ ಇವು ಹೊಂದುತ್ತವಾ? ತಾಳ, ಗಮಕ, ಶ್ರುತಿ?

ಹೊಂದುತ್ತವೆ, ಆದರೆ ಇವೆಲ್ಲ ಪಾಶ್ಚಾತ್ಯ ಸಂಗೀತವನ್ನು ಮನಸ್ಸಿನಲ್ಲಿಟ್ಟು ಮಾಡಿದವು. ತೆರೆದ ಕೂಡಲೇ ನಾಲ್ಕರ ಎಣಿಕೆ, ಹೆಚ್ಚಿನವುಗಳಲ್ಲಿ ನಿಮಿಷಕ್ಕೆ 120 ಪೆಟ್ಟು ಅಂತ ಇರುತ್ತದೆ. ಕೆಲವನ್ನು ನಾವೇ ಬದಲಿಸಿಕೊಳ್ಳಬೇಕು.

ತಾಳದಿಂದ ಶುರು ಮಾಡೋಣ. ಆದಿತಾಳದ ಎಂಟು ಅಕ್ಷರಕ್ಕೆ ನಾಲ್ಕರ ಎರಡು ಬಾರ್ ಸರಿಹೋಗುತ್ತದೆ. ಮಿಶ್ರಚಾಪುವಿಗೆ 7/8, ಖಂಡಚಾಪುವಿಗೆ 5/8 ಅಂತ ಇಟ್ಟುಕೊಳ್ಳಿ. ಇಷ್ಟೇ ಮಾಡಿದರೆ ಎಣಿಕೆಯ ಪೆಟ್ಟು ಕೊಡುವ ಮೆಟ್ರೊನೋಮ್ ಏಳನ್ನೂ ಒಂದೇ ಸಮ ಕುಟ್ಟುತ್ತದೆ, ಹಾಡುವವರಿಗೆ ತಾಳ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಮಿಶ್ರಚಾಪು ಮೂರು, ಎರಡು, ಎರಡಾಗಿ ಒಡೆಯಬೇಕು ಅಲ್ವಾ? ರೀಪರ್‌ನಲ್ಲಿ ಯಾವ ಪೆಟ್ಟು ಗಟ್ಟಿ, ಯಾವುದು ಮೆಲ್ಲಗೆ ಅಂತ ಮೆಟ್ರೊನೋಮ್‌ಗೆ ಬರೆದುಕೊಡಬಹುದು. ಬೇರೆ ಸಾಫ್ಟ್‌ವೇರ್‌ಗಳಲ್ಲಿ ಇದಕ್ಕಿಂತ ಸುಲಭದ ದಾರಿ ಇದೆ. ಒಂದು ಆವರ್ತ ಮೃದಂಗದ್ದೋ ಖಂಜಿರದ್ದೋ ಪೆಟ್ಟನ್ನು ನೀವೇ ರೆಕಾರ್ಡ್ ಮಾಡಿ ಲೂಪ್ ಮಾಡಿ, ಮೆಟ್ರೊನೋಮ್ ಆಫ್ ಮಾಡಿಬಿಡಿ. ಆಲಾಪನೆಗೆ, ಉಗಾಭೋಗಕ್ಕೆ ಮೆಟ್ರೊನೋಮ್ ಬೇಡವೇ ಬೇಡ. ಪರದೆಯ ಮೇಲಿನ ಗೆರೆಗಳಿಗೆ ಅಂಟಿಕೊಳ್ಳುವ ಸ್ನ್ಯಾಪ್ ಅನ್ನೂ ತೆಗೆದುಹಾಕಿ.

ಗಮಕ ಕಷ್ಟದ ವಿಷಯ. ಮಿಡಿ ಕೀಬೋರ್ಡ್‌ನಲ್ಲಿ ಪಿಚ್ ಬೆಂಡ್ ಚಕ್ರ ಇರುತ್ತದೆ. ಸಾಮಾನ್ಯವಾಗಿ ಅದು ಮೇಲೆ ಎರಡು ಅರ್ಧಸ್ವರ, ಕೆಳಗೆ ಎರಡು ಅರ್ಧಸ್ವರ ಮಾತ್ರ ಎಳೆಯುತ್ತದೆ. ತೋಡಿಯ ಗಾಂಧಾರದ ತೂಗಾಟಕ್ಕೆ ಹೇಗೋ ಸಾಕಾಗಬಹುದು, ಷಡ್ಜದಿಂದ ಪಂಚಮಕ್ಕೆ ಜಾರುವ ಜಾರುವಿಗೆ ಸಾಲದು. ಎಷ್ಟೋ ವಾದ್ಯ ಪ್ಲಗಿನ್‌ಗಳಲ್ಲಿ ಈ ಮಿತಿಯನ್ನು 12ಕ್ಕೆ ಏರಿಸಲು ಬರುತ್ತದೆ. ಆದರೂ ನನ್ನ ಮಾತು ಕೇಳುವುದಾದರೆ, ರಾಗದ ಮುಖ್ಯ ಎಳೆಯನ್ನು ಹಾಡಿ, ಇಲ್ಲವೇ ಕೊಳಲು, ಪಿಟೀಲು, ವೀಣೆಯಲ್ಲಿ ನುಡಿಸಿಯೇ ರೆಕಾರ್ಡ್ ಮಾಡಿ. ಮಿಡಿಯನ್ನು ಹಿನ್ನೆಲೆಗೆ ಇಟ್ಟುಕೊಳ್ಳಿ. ಬೆರಳಿನಲ್ಲಿ ಚಕ್ರ ತಿರುಗಿಸಿ ತಂದ ಕಂಪಿತ ಎಂಥವರ ಕಿವಿಗೂ ಬೇರೆಯಾಗಿಯೇ ಕೇಳುತ್ತದೆ.

ಆಟೋಟ್ಯೂನ್ ಬಗೆಗಂತೂ ಎಚ್ಚರ. ತಾನಾಗಿ ಸ್ವರ ತಿದ್ದುವ ಪ್ಲಗಿನ್ ಗಮಕವನ್ನು ತಪ್ಪು ಅಂತ ತಿಳಿದು ಹತ್ತಿರದ ಮನೆಗೆ ಎಳೆದು ಕೂರಿಸುತ್ತದೆ. ಜಾರು ಮೆಟ್ಟಿಲುಮೆಟ್ಟಿಲಾಗುತ್ತದೆ. ತಿದ್ದಲೇಬೇಕಾದರೆ ರೀಟ್ಯೂನ್‌ನಂಥ ಪ್ಲಗಿನ್‌ನಲ್ಲಿ ತಾನಾಗಿ ತಿದ್ದುವುದನ್ನು ಆಫ್ ಮಾಡಿ, ನೀಳವಾಗಿ ನಿಂತ ಸ್ವರ ಎಲ್ಲಿ ತಗ್ಗಿದೆಯೋ ಅಲ್ಲಿ ಮಾತ್ರ ಕೈಯಿಂದ ತಿದ್ದಿ.

ಇನ್ನು ಶ್ರುತಿ. ತಂಬೂರಿಗೆ ಆ್ಯಪ್ ಆಗಬಹುದು, ನಮ್ಮ ಬೆಂಗಳೂರಿನ ರಾಡೆಲ್‌ನ ಎಲೆಕ್ಟ್ರಾನಿಕ್ ತಂಬೂರಿ ಮನೆಯಲ್ಲಿದ್ದರೆ ಅದೂ ಆಗಬಹುದು. ಸಾಫ್ಟ್‌ವೇರ್‌ನ ವಾದ್ಯಗಳನ್ನು ಅದಕ್ಕೆ ಹೊಂದಿಸುವಾಗ ನಿಮ್ಮ ಶ್ರುತಿ ಕೀಬೋರ್ಡಿನ ಯಾವ ಮನೆ ಅನ್ನುವ ಲೆಕ್ಕ ಗೊತ್ತಿರಬೇಕು. ಬಿಳಿ ಒಂದು ಅಂದರೆ ಸಿ, ಬಿಳಿ ಐದು ಅಂದರೆ ಜಿ. ಭಾಗವತರು ಕಪ್ಪು ಮೂರು ಅನ್ನುವುದು ಎಫ್ ಶಾರ್ಪ್. ಇಷ್ಟಾದ ಮೇಲೂ ಕೀಬೋರ್ಡ್‌ನ ಗಾಂಧಾರ ತಂಬೂರಿಯ ಜೊತೆ ಚೂರು ಗೀರಿದ ಹಾಗೆ ಕೇಳಿದರೆ ನಿಮ್ಮ ಕಿವಿ ಸರಿಯಾಗಿದೆ ಅಂತಲೇ ಅರ್ಥ. ತಂಬೂರಿಯಲ್ಲಿ ತಾನಾಗಿ ಹುಟ್ಟುವ ಅಂತರ ಗಾಂಧಾರ ಷಡ್ಜದಿಂದ 386 ಸೆಂಟ್ (ಅರ್ಧಸ್ವರದ ನೂರನೇ ಒಂದು ಭಾಗ) ದೂರ, ಕೀಬೋರ್ಡ್‌ನದು 400. ಆ 14 ಸೆಂಟ್ ವ್ಯತ್ಯಾಸವೇ ಗೀರುವುದು. ಪಂಚಮದಲ್ಲಿ ಎರಡೇ ಸೆಂಟ್, ಅದು ಗೊತ್ತಾಗುವುದಿಲ್ಲ. ಹಾಗಾಗಿ ತಂಬೂರಿ ಇರುವ ಹಾಡಿಗೆ ಉದ್ದಕ್ಕೂ ಕಾರ್ಡ್ ಹಿಡಿಯುವ ಪ್ಯಾಡ್ ಹಾಕಬೇಡಿ, ಷಡ್ಜ ಪಂಚಮ ಮಾತ್ರ ಇರುವ ಹಿನ್ನೆಲೆ ಸಾಕು.

ಹೆಡ್‌ಫೋನ್ ಹಾಕಿ ಹಾಡಿದರೆ ನನ್ನ ದನಿ ತಡವಾಗಿ ಕೇಳುತ್ತದೆ. ಯಾಕೆ?

ಇದನ್ನು ಲೇಟೆನ್ಸಿ ಅಂತಾರೆ. ಹೊಸಬರು ಸಾಫ್ಟ್‌ವೇರ್ ಬದಲಿಸುತ್ತಾ ಹೋಗುವುದು ಹೆಚ್ಚಾಗಿ ಇದೊಂದೇ ಕಾರಣಕ್ಕೆ. ಸಾಫ್ಟ್‌ವೇರ್ ಬದಲಿಸಿದರೆ ಇದು ಹೋಗುವುದಿಲ್ಲ.

ಕಂಪ್ಯೂಟರ್ ದನಿಯನ್ನು ಒಂದೊಂದು ಕಂತಾಗಿ ತೆಗೆದುಕೊಳ್ಳುತ್ತದೆ. ಆ ಕಂತಿನ ಅಳತೆಗೆ ಬಫರ್ ಅನ್ನುತ್ತಾರೆ. 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48 ಸಾವಿರ ಸಲ ದನಿ ಅಳೆಯುವಾಗ, ಬಫರ್ 1024 ಇದ್ದರೆ ಒಂದು ಕಂತಿಗೆ 21 ಮಿಲಿಸೆಕೆಂಡ್. 128 ಇದ್ದರೆ 3 ಮಿಲಿಸೆಕೆಂಡಿಗೂ ಕಡಿಮೆ. ಒಳಗೆ ಬರಲು ಒಮ್ಮೆ, ಹೊರಗೆ ಹೋಗಲು ಒಮ್ಮೆ, ಹೀಗೆ ದುಪ್ಪಟ್ಟಾಗುತ್ತದೆ. ರೆಕಾರ್ಡ್ ಮಾಡುವಾಗ 128ಕ್ಕೆ ಇಳಿಸಿ, ಮಿಕ್ಸ್ ಮಾಡುವಾಗ 1024ಕ್ಕೆ ಏರಿಸಿ. ಇಳಿಸಿದಾಗ ಪಟಪಟ ಸದ್ದು ಬಂದರೆ ಕಂಪ್ಯೂಟರ್‌ಗೆ ಆಗುತ್ತಿಲ್ಲ ಅಂತ ಅರ್ಥ, 256 ಮಾಡಿ ನೋಡಿ.

ವಿಂಡೋಸ್‌ನಲ್ಲಿ ಎಸಿಯೋ (ASIO) ಡ್ರೈವರ್ ಬೇಕೇ ಬೇಕು, ದನಿ ತಡವಿಲ್ಲದೆ ಒಳಹೊರಗೆ ಹೋಗಲು ನೆರವಾಗುವ ತಂತ್ರಾಂಶ ಅದು. ಇಂಟರ್‌ಫೇಸ್ ಇದ್ದರೆ ಅದರ ಕಂಪನಿಯದನ್ನೇ ಹಾಕಿಕೊಳ್ಳಿ. ಇಲ್ಲದಿದ್ದರೆ ಎಸಿಯೋ4ಆಲ್ ಅನ್ನುವ ಉಚಿತ ಡ್ರೈವರ್ ಇದೆ. ಅನೇಕ ಇಂಟರ್‌ಫೇಸ್‌ಗಳಲ್ಲಿ ಡೈರೆಕ್ಟ್ ಮಾನಿಟರ್ ಅನ್ನುವ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ನಿಮ್ಮ ದನಿ ಕಂಪ್ಯೂಟರಿಗೆ ಸುತ್ತು ಹಾಕದೆ ನೇರವಾಗಿ ಕಿವಿಗೆ ಬರುತ್ತದೆ. ಆಗ ಸಾಫ್ಟ್‌ವೇರ್‌ನಲ್ಲಿ ಮಾನಿಟರಿಂಗ್ ಆಫ್ ಮಾಡಿ, ಇಲ್ಲವಾದರೆ ದನಿ ಎರಡೆರಡು ಸಲ ಕೇಳುತ್ತದೆ. ಬ್ಲೂಟೂತ್‌ನಲ್ಲಿ ಮಾತ್ರ ಯಾವ ಉಪಾಯವೂ ನಡೆಯುವುದಿಲ್ಲ. ಅದರ ತಡವೇ 100 ಮಿಲಿಸೆಕೆಂಡ್ ದಾಟುವುದು ಸಾಮಾನ್ಯ.

ಮೊದಲು ಏನು ಕೊಳ್ಳಲಿ? ಒಳ್ಳೆಯ ಮೈಕಾ, ಒಳ್ಳೆಯ ಸಾಫ್ಟ್‌ವೇರಾ?

ಸಾಫ್ಟ್‌ವೇರ್‌ಗೆ ದುಡ್ಡು ಕೊನೆಗೆ. ಮೊದಲು ಕೋಣೆ ನೋಡಿ, ಅದಕ್ಕೆ ಖರ್ಚೇ ಇಲ್ಲ. ನಮ್ಮ ಮನೆಗಳಲ್ಲಿ ಗ್ರಾನೈಟ್ ಅಥವಾ ಟೈಲ್ಸ್ ನೆಲ, ಬರೀ ಗೋಡೆ. ದನಿ ಅಲ್ಲಿ ಇಲ್ಲಿ ಬಡಿದು ಬಾವಿಯೊಳಗೆ ಹಾಡಿದ ಹಾಗೆ ಕೇಳುತ್ತದೆ. ಹಾಸಿಗೆ, ಬಟ್ಟೆ ತುಂಬಿದ ಬೀರು ಇರುವ ಮಲಗುವ ಕೋಣೆಯೇ ವಾಸಿ. ಬೀರುವಿನ ಬಾಗಿಲು ತೆಗೆದಿಟ್ಟು, ನಿಮ್ಮ ಬೆನ್ನ ಹಿಂದೆ ದಪ್ಪ ರಜಾಯಿ ತೂಗುಹಾಕಿ. ಫ್ಯಾನ್ ಆರಿಸಿ. ಮೈಕ್‌ಗೂ ಬಾಯಿಗೂ ಒಂದು ಗೇಣು ದೂರ ಇರಲಿ.

ಆಮೇಲೆ ಮುಚ್ಚಿದ ಬಗೆಯ ಹೆಡ್‌ಫೋನ್, ತಂಬೂರಿ ಹೊರಗೆ ಸೋರಿ ಮೈಕ್‌ಗೆ ಹೋಗಬಾರದಲ್ಲ. ಆಮೇಲೆ ಮೈಕ್ ಮತ್ತು ಇಂಟರ್‌ಫೇಸ್. ರಸ್ತೆ ಪಕ್ಕದ ಮನೆ, ಆಟೋ ಸದ್ದು, ಪಕ್ಕದಲ್ಲಿ ಕುಕ್ಕರ್ ಕೂಗು ಇದ್ದರೆ ಡೈನಮಿಕ್ ಮೈಕ್ ಒಳ್ಳೆಯದು, ಹತ್ತಿರದ್ದನ್ನಷ್ಟೇ ಚೆನ್ನಾಗಿ ಹಿಡಿಯುತ್ತದೆ. ಕಂಡೆನ್ಸರ್ ಮೈಕ್ ಸೂಕ್ಷ್ಮ, ಅದಕ್ಕೆ ಇಂಟರ್‌ಫೇಸ್‌ನಿಂದ 48 ವೋಲ್ಟ್ ಕೊಡಬೇಕು. ರೆಕಾರ್ಡಿಂಗ್‌ನಲ್ಲಿ ಹಮ್ ಅನ್ನುವ ಸದ್ದು ಬಿಡದೆ ಬಂದರೆ ಲ್ಯಾಪ್‌ಟಾಪ್ ಚಾರ್ಜರ್ ಕಳಚಿ ನೋಡಿ. ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿ ಇಲ್ಲದಿದ್ದರೆ ಅದು ಅಲ್ಲಿಂದಲೇ ಬರುತ್ತಿರುತ್ತದೆ.

44.1, 48, 24 ಬಿಟ್… ಯಾವುದು ಇಡಲಿ?

48 ಕಿಲೋಹರ್ಟ್ಸ್, 24 ಬಿಟ್ ಇಟ್ಟು ಮರೆತುಬಿಡಿ. ವಿಡಿಯೋಗೂ ಅದೇ ಹೊಂದುತ್ತದೆ. ಒಂದು ಮೋನೋ ಟ್ರ್ಯಾಕ್ ನಿಮಿಷಕ್ಕೆ ಸುಮಾರು 8.6 ಎಂಬಿ ತಿನ್ನುತ್ತದೆ. ಐದು ನಿಮಿಷದ ಹಾಡಿಗೆ ಹತ್ತು ಟ್ರ್ಯಾಕ್ ಅಂದರೆ 430 ಎಂಬಿ. 96, 192 ಅಂತ ಏರಿಸಿದರೆ ಡಿಸ್ಕ್ ತುಂಬುತ್ತದೆ, ಕೇಳುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಉಚಿತವಾಗಿ ಒಳ್ಳೆಯ ವಾದ್ಯಗಳು ಸಿಗುತ್ತವಾ?

ಬೇಕಾದಷ್ಟು. ಸಿಂಥ್‌ಗೆ ವೈಟಲ್ ಮತ್ತು ಸರ್ಜ್ ಎಕ್ಸ್‌ಟಿ, ಮೆತ್ತನೆಯ ಪಿಯಾನೋ, ಸ್ಟ್ರಿಂಗ್ಸ್‌ಗೆ ಸ್ಪಿಟ್‌ಫೈರ್‌ನ ಲ್ಯಾಬ್ಸ್, ರಿವರ್ಬ್‌ಗೆ ವಲ್ಹಾಲಾ ಸೂಪರ್‌ಮ್ಯಾಸಿವ್, ಇಕ್ಯೂಗೆ ಟಿಡಿಆರ್ ನೋವಾ. ಗ್ಯಾರೇಜ್‌ಬ್ಯಾಂಡ್, ಲಾಜಿಕ್ ಎರಡೂ ವಿಎಸ್‌ಟಿ ತೆಗೆದುಕೊಳ್ಳುವುದಿಲ್ಲ, ಆ್ಯಪಲ್‌ನ ಪ್ಲಗಿನ್ ಪದ್ಧತಿಯಾದ ಎಯು (AU) ಬಗೆಯದನ್ನೇ ಇಳಿಸಿಕೊಳ್ಳಿ. ಒಂದೇ ದಿನ ಐವತ್ತು ಪ್ಲಗಿನ್ ತುಂಬಿಸಿಕೊಳ್ಳಬೇಡಿ. ಆಮೇಲೆ ಸಂಜೆಯೆಲ್ಲ ಯಾವ ಸದ್ದು ಅಂತ ಹುಡುಕುವುದರಲ್ಲೇ ಕಳೆಯುತ್ತದೆ, ಹಾಡು ಅಲ್ಲೇ ಇರುತ್ತದೆ.

ಯೂಟ್ಯೂಬ್‌ಗೆ ಹಾಕಿದರೆ ನನ್ನ ಹಾಡು ಮೆತ್ತಗೆ ಕೇಳುತ್ತದೆ.

ಯೂಟ್ಯೂಬ್, ಸ್ಪಾಟಿಫೈ ಎರಡೂ ಹಾಡುಗಳನ್ನು ಮೈನಸ್ 14 ಲಫ್ಸ್ (LUFS, ಕಿವಿಗೆ ಕೇಳುವ ಜೋರಿನ ಅಳತೆ) ಆಸುಪಾಸಿನ ಜೋರಿಗೆ ಹೊಂದಿಸುತ್ತವೆ. ಯೂಟ್ಯೂಬ್ ಜೋರಾದದ್ದನ್ನು ಇಳಿಸುತ್ತದೆ, ಮೆತ್ತಗಿರುವುದನ್ನು ಎತ್ತುವುದಿಲ್ಲ. ರೀಪರ್‌ನ ರೆಂಡರ್ ಪರದೆಯಲ್ಲೇ ಮೈನಸ್ 14 ಲಫ್ಸ್‌ಗೆ ನಾರ್ಮಲೈಸ್ ಮಾಡಲು ಬರುತ್ತದೆ. ತುತ್ತತುದಿಯ ಪೆಟ್ಟುಗಳು ಮೈನಸ್ 1 ಡೆಸಿಬೆಲ್ ದಾಟದ ಹಾಗೆ ಒಂದು ಲಿಮಿಟರ್ ಇಡಿ.

ಬೇರೆಯವರ ಕವಿತೆ ಹಾಡಿ ಹಾಕಬಹುದಾ?

ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಪುರಂದರದಾಸರು, ಕನಕದಾಸರು, ಶಿಶುನಾಳ ಷರೀಫರ ಪದಗಳಿಗೆ ಯಾರ ಅನುಮತಿಯೂ ಬೇಡ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಹಾಗಾಗಿ 2041 ಮುಗಿಯುವವರೆಗೆ ಅವರ ಕವಿತೆಗಳಿಗೆ ಹಕ್ಕಿದೆ. 1994ರಲ್ಲಿ ತೀರಿಕೊಂಡ ಕುವೆಂಪು ಅವರದು 2054ರವರೆಗೆ. ಸಾಹಿತ್ಯ ಹಳೆಯದಾದರೂ ರಾಗ ಸಂಯೋಜನೆ ಇತ್ತೀಚಿನದಾಗಿದ್ದರೆ ಅದರ ಹಕ್ಕು ಬೇರೆಯವರದು. ದಾಸರ ಪದವನ್ನೇ ಆದರೂ ಯಾರೋ ಹಾಡಿದ ರೆಕಾರ್ಡಿಂಗ್ ಎತ್ತಿ ಬಳಸುವಂತಿಲ್ಲ. ಸಾಫ್ಟ್‌ವೇರ್ ಜೊತೆ ಬರುವ ಲೂಪ್‌ಗಳನ್ನು ನಿಮ್ಮ ಹಾಡಿನಲ್ಲಿ ಬಳಸಬಹುದು. ಅದೇ ಲೂಪ್ ಬಳಸಿದ ಇನ್ನೊಬ್ಬರ ಹೆಸರಲ್ಲಿ ಯೂಟ್ಯೂಬ್‌ನಿಂದ ತಕರಾರು ಬಂದರೆ ಹೆದರಬೇಡಿ, ಆಕ್ಷೇಪಣೆ ಸಲ್ಲಿಸಿ.

ಮುಂದೆ ಸಾಫ್ಟ್‌ವೇರ್ ಬದಲಿಸಿದರೆ ಹಳೆಯ ಹಾಡುಗಳ ಗತಿ ಏನು?

ಒಂದರ ಪ್ರಾಜೆಕ್ಟ್ ಫೈಲ್ ಇನ್ನೊಂದರಲ್ಲಿ ಸಾಮಾನ್ಯವಾಗಿ ತೆರೆಯುವುದಿಲ್ಲ. ಅದಕ್ಕೇ ಹಾಡು ಮುಗಿದ ದಿನವೇ ಪ್ರತಿ ಟ್ರ್ಯಾಕನ್ನೂ ಮೊದಲಿಂದ ಕೊನೆಯವರೆಗೆ ಬೇರೆ ಬೇರೆ ವೇವ್ ಫೈಲ್ ಆಗಿ ತೆಗೆದಿಡಿ. ಮಿಡಿ ಇದ್ದರೆ ಅದನ್ನೂ. ಎಲ್ಲ ಫೈಲ್‌ಗಳೂ ಸೊನ್ನೆಯಿಂದಲೇ ಶುರುವಾಗಿದ್ದರೆ ಯಾವ ಸಾಫ್ಟ್‌ವೇರ್‌ನಲ್ಲಿ ಎಳೆದು ಹಾಕಿದರೂ ಸರಿಯಾಗಿ ಕೂರುತ್ತವೆ. ವೇಗ, ಶ್ರುತಿ, ತಾಳ ಮೂರನ್ನೂ ಫೋಲ್ಡರ್ ಹೆಸರಿನಲ್ಲೇ ಬರೆದುಬಿಡಿ.

ರೀಪರ್ ಬಳಸುವವರಿಗೆ ಒಂದು ಎಚ್ಚರಿಕೆ. ಅದರ ಪ್ರಾಜೆಕ್ಟ್ ಫೈಲ್ ಒಳಗೆ ದನಿ ಇರುವುದಿಲ್ಲ, ದನಿಯ ಫೈಲ್‌ಗಳು ಎಲ್ಲಿವೆ ಅನ್ನುವ ವಿವರ ಮಾತ್ರ ಇರುತ್ತದೆ. ಡೌನ್‌ಲೋಡ್ಸ್ ಫೋಲ್ಡರ್‌ನಿಂದ ಎಳೆದು ತಂದ ತಂಬೂರಿ ಇನ್ನೂ ಅಲ್ಲೇ ಇರುತ್ತದೆ, ಆ ಫೋಲ್ಡರ್ ಖಾಲಿ ಮಾಡಿದ ದಿನ ಶ್ರುತಿ ಮಾಯ. ಸೇವ್ ಆ್ಯಸ್ ಮಾಡುವಾಗ ಕೆಳಗಡೆ ಎಲ್ಲ ಮೀಡಿಯಾ ಫೈಲ್‌ಗಳನ್ನೂ ಪ್ರಾಜೆಕ್ಟ್ ಫೋಲ್ಡರ್‌ಗೆ ನಕಲು ಮಾಡು ಅನ್ನುವ ಚೌಕ ಇದೆ. ಅದಕ್ಕೆ ಟಿಕ್ ಹಾಕಿ, ಆ ಫೋಲ್ಡರನ್ನು ಪೂರ್ತಿಯಾಗಿ ಇನ್ನೊಂದು ಡಿಸ್ಕ್‌ಗೂ ಹಾಕಿಡಿ.